ಪ್ರಾರ್ಥನೆಯ ಜೊತೆಗೆ ಚಿಕಿತ್ಸೆಯೂ ಇರಲಿ



ಖಿನ್ನತೆಯಿಂದ ಬಳಲುವ ಕ್ರೈಸ್ತ ಮಹಿಳೆಯರಿಗೆ ಭಕ್ತಿಪರ ಪುಸ್ತಕಗಳೂ ಪ್ರಾರ್ಥನಾ ಕೂಟಗಳೂ ನಿಜವಾದ ಆಸರೆ. ಒಂಟಿತನ ಈ ಕಾಯಿಲೆಯನ್ನು ಹೆಚ್ಚಿಸುತ್ತದೆ. ನಾಲ್ಕು ಜನ ಕೂಡಿ ಮನಸ್ಸು ಬಿಚ್ಚಿ ಮಾತಾಡುವುದು ಅದನ್ನು ತಗ್ಗಿಸುತ್ತದೆ. ಆದರೆ ‘ನಿನ್ನ ವಿಶ್ವಾಸ ಸಾಲದು’ ಎಂಬ ಮಾತು ಬಂದರೆ ಆಸರೆಯೇ ಹೊರೆಯಾಗುತ್ತದೆ. ತನ್ನನ್ನೇ ದೂಷಿಸಿಕೊಳ್ಳುವುದು ಖಿನ್ನತೆಯ ಲಕ್ಷಣ. ಅದರ ಮೇಲೆ ಪಾಪಭಾರ ಹೇರಬಾರದು. ಬೈಬಲಿನಲ್ಲೇ ಪ್ರವಾದಿ ಎಲೀಯನು ಸಾವನ್ನು ಬೇಡಿ ಮಲಗಿದಾಗ ಸಿಕ್ಕಿದ್ದು ಗದರಿಕೆಯಲ್ಲ. ನಿದ್ದೆ, ರೊಟ್ಟಿ, ನೀರು.

ವೈದ್ಯರ ಬಳಿ ಹೋಗುವುದು ಅವಿಶ್ವಾಸ ಎನ್ನುವವರಿದ್ದಾರೆ. ಸಕ್ಕರೆ ಕಾಯಿಲೆಯ ಮಾತ್ರೆಗೆ ಏಳದ ಪ್ರಶ್ನೆ ಇಲ್ಲೇಕೆ? ಮಾತ್ರೆ ಚಟವಾಗುತ್ತದೆಂಬ ಭಯವೂ ಇದೆ. ಖಿನ್ನತೆ ನಿವಾರಕ ಮಾತ್ರೆಗಳು ಚಟ ಹಿಡಿಸುವಂಥವಲ್ಲ. ಗುಣ ಕಾಣಲು ಕೆಲವು ವಾರ ಬೇಕು, ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಹಳ್ಳಿಯವರಿಗೆ ಮನೋವೈದ್ಯರು ಎಲ್ಲಿ ಸಿಗುತ್ತಾರೆ ಎಂಬ ಆಕ್ಷೇಪ ಮಾತ್ರ ಗಂಭೀರವಾದದ್ದು. ಅದಕ್ಕೆ ಉತ್ತರ ನಮ್ಮ ನೆಲದಲ್ಲೇ ಇದೆ. 1980ರ ದಶಕದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್, ಅಂದಿನ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿ ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆದರೂ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಖಿನ್ನತೆಯಿರುವ 100 ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಈ ಅಂತರವನ್ನು ತುಂಬಲು ಕ್ರೈಸ್ತ ಸಭೆಗಳಿಗೆ ಸಾಧ್ಯವಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಕ್ರೈಸ್ತ ಮಹಿಳೆಯರು ತಮ್ಮ ಕೂಟಗಳಲ್ಲಿ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ಸಂಖ್ಯೆ 14416 ಅನ್ನು ಎಲ್ಲರಿಗೂ ತಿಳಿಸಲಿ. ನೊಂದ ಸಹೋದರಿಗಾಗಿ ಪ್ರಾರ್ಥಿಸಿ, ಅವಳೊಡನೆ ತಾಲ್ಲೂಕು ಆಸ್ಪತ್ರೆಗೂ ಹೋಗಲಿ. ಸಾಯುವ ಮಾತಾಡಿದರೆ ಅದೇ ದಿನ ಕರೆದೊಯ್ಯಲಿ.

– ಓದುಗರೊಬ್ಬರು, ಕೊಟ್ಟೂರು