ಹೆಡೆ ಸಾವಿರ, ಗಾಯ ಒಂದೂ ಇಲ್ಲ

ವಿಜಯವಾಡದ ಎಸ್.ಆರ್.ಆರ್. ಮತ್ತು ಸಿ.ವಿ.ಆರ್. ಕಾಲೇಜಿನಲ್ಲಿ ಬಹುಕಾಲ ಅಧ್ಯಾಪಕರಾಗಿದ್ದು, ತೆಲುಗಿಗೆ ಮೊದಲ ಜ್ಞಾನಪೀಠ ತಂದುಕೊಟ್ಟ ವಿಶ್ವನಾಥ ಸತ್ಯನಾರಾಯಣರ ‘ವೇಯಿಪಡಗಲು’ ಕಾದಂಬರಿಯನ್ನು ಪುರಾಣದ ಎತ್ತರಕ್ಕೇರಿಸಿ ಹೊಗಳುವ ವಾಡಿಕೆ ತೆಲುಗು ನಾಡಿನಲ್ಲಿ ಹಳೆಯದು. ಒಪ್ಪದವರನ್ನು ಪಾಶ್ಚಾತ್ಯ ವ್ಯಾಮೋಹಿಗಳೆಂದು ಬದಿಗೆ ಸರಿಸುವ ವಾಡಿಕೆಯೂ ಅಷ್ಟೇ ಹಳೆಯದು. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಇದನ್ನು ‘ಸಹಸ್ರಫಣ್’ ಎಂದು ಹಿಂದಿಗೆ ತಂದ ಮೇಲಂತೂ ಅದರ ಕೀರ್ತಿ ಪ್ರಶ್ನಾತೀತವಾಯಿತು.

ಕಲ್ಪನೆ ದೊಡ್ಡದೆಂಬುದರಲ್ಲಿ ಸಂಶಯವಿಲ್ಲ. ಸುಬ್ಬನ್ನಪೇಟೆ ಎಂಬ ಊರನ್ನು ಕಾಯುವ ಸುಬ್ರಹ್ಮಣ್ಯಸ್ವಾಮಿ ಇಲ್ಲಿ ಸಾವಿರ ಹೆಡೆಗಳ ಸರ್ಪ. ಆ ಹೆಡೆಗಳು ಧರ್ಮದ, ಎಂದರೆ ಹಳೆಯ ಸಮಾಜವನ್ನು ಹಿಡಿದಿಟ್ಟಿದ್ದ ಕಟ್ಟುಪಾಡು ಮತ್ತು ಸಂಬಂಧಗಳ ರೂಪಗಳು. ಜಮೀನ್ದಾರಿ ಕುಸಿದು ಇಂಗ್ಲಿಷ್ ಶಿಕ್ಷಣ ಹಬ್ಬಿದಂತೆ ಅವು ಉದುರುತ್ತ ಕೊನೆಗೆ ದಾಂಪತ್ಯದ ಎರಡು ಹೆಡೆಗಳಷ್ಟೇ ಉಳಿಯುತ್ತವೆ. ನಿರಾಸೆ ಹುಟ್ಟುವುದೂ ಇಲ್ಲಿಯೇ, ಏಕೆಂದರೆ ಪ್ರತೀಕ ಮೊದಲೇ ತೀರ್ಪು ಕೊಟ್ಟುಬಿಟ್ಟಿರುವುದರಿಂದ ಪಾತ್ರಗಳಿಗೆ ಅದನ್ನು ಅನುಮೋದಿಸುವುದರ ಹೊರತು ಬೇರೆ ಕೆಲಸ ಉಳಿಯುವುದಿಲ್ಲ. ನಾಯಕ ಧರ್ಮಾರಾವು ಬದುಕುವುದಕ್ಕಿಂತ ಹೆಚ್ಚಾಗಿ ವಾದಿಸುತ್ತಾನೆ, ಅವನ ಎದುರಾಳಿಗಳು ಸೋಲುವುದಕ್ಕೆಂದೇ ಬಂದವರಂತೆ ಮಾತಾಡುತ್ತಾರೆ.

ಗಿರಿಕೆಯ ಪಾತ್ರವನ್ನೇ ನೋಡಬಹುದು. ದೇವದಾಸಿಯಾದ ಆಕೆ ವೇಣುಗೋಪಾಲಸ್ವಾಮಿಗೆ ತನ್ನನ್ನು ಅರ್ಪಿಸಿಕೊಂಡು ನರ್ತಿಸುವ ಭಾಗಗಳಲ್ಲಿ ಕವಿ ವಿಶ್ವನಾಥರ ಶಕ್ತಿ ನಿಜವಾಗಿಯೂ ಮೈದುಂಬುತ್ತದೆ. ಆದರೆ ಕಾದಂಬರಿಯ ಪ್ರಾಂತ ಸೇರಿದ್ದ ಮದರಾಸಿನ ಶಾಸನಸಭೆಯಲ್ಲಿ ಮುತ್ತುಲಕ್ಷ್ಮಿ ರೆಡ್ಡಿ 1927ರಲ್ಲಿಯೇ ಈ ಪದ್ಧತಿಯ ವಿರುದ್ಧ ನಿರ್ಣಯ ಮಂಡಿಸಿದ್ದರು. 1934ರಲ್ಲಿ ಬರೆದ ಕಾದಂಬರಿ ಆ ಹೆಣ್ಣಿಗೆ ಭಕ್ತಿಯನ್ನು ಧಾರಾಳವಾಗಿ ಕೊಟ್ಟು, ಬೇಡವೆನ್ನುವ ಸ್ವಾತಂತ್ರ್ಯವನ್ನು ಮಾತ್ರ ಕೊಡುವುದಿಲ್ಲ.

ಇಲ್ಲಿಯ ಆಕ್ಷೇಪ ಸಂಪ್ರದಾಯನಿಷ್ಠೆಯ ಮೇಲಲ್ಲ. ಭೈರಪ್ಪನವರ ‘ವಂಶವೃಕ್ಷ’ದಲ್ಲಿ ಶ್ರೀನಿವಾಸ ಶ್ರೋತ್ರಿಯರು ತಮ್ಮ ಹುಟ್ಟಿನ ಗುಟ್ಟನ್ನೇ ಎದುರಿಸಬೇಕಾಗಿ ಬಂದಾಗ ಅವರು ನಂಬಿದ ವಂಶಧರ್ಮಕ್ಕೆ ಒಳಗಿನಿಂದಲೇ ಪೆಟ್ಟು ಬೀಳುತ್ತದೆ, ಆ ಪೆಟ್ಟಿನಿಂದಲೇ ಅವರ ನಿಷ್ಠೆಗೆ ತೂಕ ಬರುತ್ತದೆ. ‘ವೇಯಿಪಡಗಲು’ವಿನಲ್ಲಿ ಕೇಡೆಲ್ಲ ಹೊರಗಿನದು. ಅದಕ್ಕೆ ಒಂದು ವರ್ಷ ಮೊದಲು, 1933ರಲ್ಲಿ, ಕಾರಂತರು ‘ಚೋಮನ ದುಡಿ’ಯಲ್ಲಿ ಅದೇ ಹಳ್ಳಿ ವ್ಯವಸ್ಥೆಯನ್ನು ತುಂಡು ನೆಲಕ್ಕೆ ಹಂಬಲಿಸುವ ಜೀತದಾಳಿನ ಕಡೆಯಿಂದ ನೋಡಿದ್ದರು, ತೆಲುಗಿನಲ್ಲಿಯೇ ಉನ್ನವ ಲಕ್ಷ್ಮೀನಾರಾಯಣರ ‘ಮಾಲಪಲ್ಲಿ’ ಅದಕ್ಕೂ ಮೊದಲು ಬಂದು ಸರ್ಕಾರದ ನಿಷೇಧವನ್ನೂ ಉಂಡಿತ್ತು. ಕಾಲವೇ ಹಾಗಿತ್ತೆಂಬ ಸಮರ್ಥನೆ ಆದ್ದರಿಂದ ನಿಲ್ಲುವುದಿಲ್ಲ. ಹಳ್ಳಿ ಪಟ್ಟಣವಾಗುವುದೆಂದರೆ ಪತನವೇ ಎಂಬ ‘ವೇಯಿಪಡಗಲು’ವಿನ ನಂಬಿಕೆಯನ್ನು ಇಂದು ವಿಜಯವಾಡದ ಆಟೋನಗರ್‌ನಲ್ಲಿ ಲಾರಿ ಬಾಡಿ ಕಟ್ಟಿ ಮಕ್ಕಳನ್ನು ಓದಿಸುವವರ ಮುಂದಿಟ್ಟರೆ ಅವರು ಏನನ್ನಾರೋ!

ಇಡೀ ಕೃತಿಯನ್ನು 29 ದಿನಗಳಲ್ಲಿ ಹೇಳಿ ಬರೆಸಿದರೆಂಬುದನ್ನು ಅಭಿಮಾನಿಗಳು ಪ್ರತಿಭೆಯ ಪುರಾವೆಯಾಗಿ ಉಲ್ಲೇಖಿಸುತ್ತಾರೆ. ಕಥೆಯನ್ನು ನಿಲ್ಲಿಸಿ ಪುಟಗಟ್ಟಲೆ ಸಾಗುವ ಉಪನ್ಯಾಸಗಳನ್ನು ದಾಟಿ ಬಂದ ಓದುಗರಿಗೆ ಅದು ಪುರಾವೆಗಿಂತ ಕಾರಣವಾಗಿ ತೋರಿದರೆ ಅವರನ್ನು ದೂರುವಂತಿಲ್ಲ.