ಕೂಸಿಗೆ ಲೋಬಾನದ ಹೊಗೆ ಬೇಕೆ?

ದುಮ್ಮವಾಡದ ಸುತ್ತ ಶ್ರಾವಣದ ಜಿಟಿಜಿಟಿ ಮಳೆ ಹಿಡಿದರೆ ಮನೆಗಳ ಕಿಟಕಿ ಮುಚ್ಚುತ್ತವೆ, ದವಾಖಾನೆಯಲ್ಲಿ ಕೆಮ್ಮು ಹೆಚ್ಚುತ್ತದೆ. ಅಂಥದೇ ದಿನಗಳಲ್ಲಿ ಮೂರು ತಿಂಗಳ ಕೂಸೊಂದನ್ನು ಮೂರು ಸಲ ನನ್ನಲ್ಲಿಗೆ ತಂದರು. ಎರಡು ಸಲ ಔಷಧಿ ಬರೆದು ಕಳಿಸಿದೆ. ಮೂರನೆಯ ಸಲ ಕೂಸಿನ ಕುಲಾಯಿಯಿಂದ ಲೋಬಾನದ ವಾಸನೆ ಬಂತು. ‘ದಿನಾ ಎರೆದ ಮ್ಯಾಲೆ ಹೊಗಿ ಹಾಕತೇವ್ರಿ, ಥಂಡಿ ಆಗಬಾರದಂತ’ ಎಂದಳು ಅಜ್ಜಿ. ಬಾಣಂತಿ ಕೋಣೆಗೆ ಒಂದೇ ಬಾಗಿಲು, ಅದೂ ಮುಚ್ಚಿದ್ದು. ಸಂಜೆ ಅಲ್ಲೇ ಎರಡು ಊದಿನಕಡ್ಡಿ. ಮೊದಲ ದಿನವೇ ನಾನು ಇದನ್ನು ಕೇಳಬೇಕಿತ್ತು.

ಬಿದಿರಿನ ಕಡ್ಡಿಗೆ ಮೆತ್ತಿದ ಇದ್ದಿಲ ಪುಡಿ, ಮರದ ಹೊಟ್ಟು, ಅಂಟು, ಸುಗಂಧ - ಇದೇ ಊದಿನಕಡ್ಡಿ. ಅದು ಜ್ವಾಲೆಯಾಗಿ ಉರಿಯದೆ ಕನಲುತ್ತದೆ. ಅರೆಬರೆ ಸುಟ್ಟದ್ದಕ್ಕೆ ಹೊಗೆ ಜಾಸ್ತಿ. 1996ರಲ್ಲಿ ಪ್ರಕಟವಾದ ಅಳತೆಯಂತೆ ಒಂದು ಗ್ರಾಂ ಸಿಗರೇಟಿನಿಂದ ಸುಮಾರು 10 ಮಿಲಿಗ್ರಾಂ ಕಣಗಳು ಹೊರಬಿದ್ದರೆ, ಒಂದು ಗ್ರಾಂ ಊದಿನಕಡ್ಡಿಯಿಂದ 45. ಹಾಗೆಂದು ಊದಿನಕಡ್ಡಿ ಸಿಗರೇಟಿಗಿಂತ ಘಾತಕ ಎನ್ನುವುದು ಅತಿರೇಕ. ಸಿಗರೇಟು ಸೇದುವವನು ಹೊಗೆಯನ್ನು ನೇರ ಪುಪ್ಪುಸಕ್ಕೇ ಎಳೆಯುತ್ತಾನೆ. ಸಿಂಗಪುರದಲ್ಲಿ 61 ಸಾವಿರಕ್ಕೂ ಹೆಚ್ಚು ಚೀನೀಯರನ್ನು ವರ್ಷಗಟ್ಟಲೆ ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೀರ್ಘಕಾಲ ಧೂಪ ಸುಟ್ಟವರಿಗೆ ಮೇಲಿನ ಶ್ವಾಸನಾಳದ ಕೆಲವು ಕ್ಯಾನ್ಸರುಗಳು ಹೆಚ್ಚು ಕಂಡವು. ಒಟ್ಟಾರೆ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಲಿಲ್ಲ.

ನನ್ನ ಚಿಂತೆ ಕೂಸಿನದು. ನಾವು ನಿಮಿಷಕ್ಕೆ 16 ಸಲ ಉಸಿರಾಡಿದರೆ ಅದು 40 ಸಲ ಆಡುತ್ತದೆ, ಎದ್ದು ಹೊರಗೆ ಹೋಗಲಾರದು. ಲೋಬಾನಕ್ಕೆ ಕೆಂಡ ಬೇರೆ ಬೇಕು. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಏಳುತ್ತದೆ.

‘ನಮ್ಮನ್ನೂ ಹಿಂಗ ಬೆಳೆಸ್ಯಾರಲ್ರೀ’ ಎನ್ನುವುದು ಅಜ್ಜಿಯ ವಾದ. ನಿಜ. ಆದರೆ ಆಗಿನದು ಹಂಚಿನ ಮನೆ, ಹೊಗೆ ಸಂದಿಗಳಲ್ಲಿ ಹಾದು ಹೋಗುತ್ತಿತ್ತು. ಈಗ ತಲೆಯ ಮೇಲೆ ಆರ್‌ಸಿಸಿ ಸ್ಲ್ಯಾಬ್. ಪದ್ಧತಿ ಉಳಿಯಿತು, ಬೆಳಕಿಂಡಿ ಹೋಯಿತು.

ದೇವರ ಪೂಜೆ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಒಂದೇ ಕಡ್ಡಿ ಸಾಕು, ಬಾಗಿಲು ತೆರೆದಿರಲಿ, ಆಗದಿದ್ದರೆ ತುಳಸಿಕಟ್ಟೆಯಲ್ಲಿ ಹಚ್ಚಿ. ಮನೆಯಲ್ಲಿ ಉಬ್ಬಸದವರಿದ್ದರೆ ಬರೀ ದೀಪ ಸಾಕು. ಸೊಳ್ಳೆಗೆ ಪರದೆ ಕಟ್ಟಿ. ಎರೆದ ಕೂಸಿನ ತಲೆಯನ್ನು ಒಣ ಬಟ್ಟೆಯಿಂದ ಒರೆಸಿ ಎದೆಗವಚಿಕೊಂಡರೆ ಥಂಡಿಯಾಗುವುದಿಲ್ಲ.

ಆ ಕೂಸಿನ ಕೆಮ್ಮು ಹೊಗೆ ನಿಲ್ಲಿಸಿದ ಹತ್ತು ದಿನಕ್ಕೆ ತಗ್ಗಿತು. ನನ್ನ ಔಷಧಿಯಿಂದಲೇ ಎಂದು ಅಜ್ಜಿ ಊರೆಲ್ಲ ಹೇಳಿದ್ದಾಳೆ. ಆದರೆ ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60, ವರ್ಷದೊಳಗಿನದು 50 ಸಲ ಅಥವಾ ಹೆಚ್ಚು ಉಸಿರಾಡಿದರೆ, ಪಕ್ಕೆ ಒಳಗೆ ಸೆಳೆದರೆ, ಹಾಲು ಬಿಟ್ಟರೆ ಹೊಗೆಯ ಲೆಕ್ಕ ಹಾಕುತ್ತ ಕೂಡದೆ ಅದೇ ತಾಸಿಗೆ ಆಸ್ಪತ್ರೆಗೆ ಒಯ್ಯಿರಿ.