ಮನೆಯ ಮಾತು: ಪತ್ತೇದಾರನಿಂದ ಕಲಿತದ್ದು

ಆಂಗ್ಲರ ಪತ್ತೇದಾರಿ ಕಥೆಗಳನ್ನು ದೂರದರ್ಶನದಲ್ಲಿ ನೋಡುವುದು ಬರಿಯ ಕಾಲಹರಣವೆಂದು ಹೇಳುವ ಹಿರಿಯರುಂಟು. ನನ್ನ ಅಭಿಪ್ರಾಯವು ಬೇರೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ನಮಗೆ ಈ ರುಚಿಯು ಹೊಸದೇನೂ ಅಲ್ಲ.

1989ರಿಂದ 2013ರವರೆಗೆ ಡೇವಿಡ್ ಸೂಶೆ ಎಂಬವರು ಅಗಾಥಾ ಕ್ರಿಸ್ಟಿಯ ಪೊಯ್ರೊ ಆಗಿ ಅಭಿನಯಿಸಿದ ಮಾಲಿಕೆಯನ್ನೇ ನೋಡಿರಿ. ಅಲ್ಲಿ ರಕ್ತಪಾತಕ್ಕಿಂತ ವಿಚಾರಕ್ಕೆ ಪ್ರಾಶಸ್ತ್ಯ. ಆದುದರಿಂದ ಮನೆಮಂದಿಯೆಲ್ಲ ಕೂಡಿ ನೋಡಬಹುದು. ಅದಕ್ಕಿಂತಲೂ ಹೆಚ್ಚಿನ ಗುಣವೊಂದುಂಟು. ಪೊಯ್ರೊ ಒಡೆಯನನ್ನೂ ಆಳನ್ನೂ ಸಮಾನವಾಗಿ ಶಂಕಿಸಿ ಪ್ರಶ್ನಿಸುವನು. ನಾವಾದರೋ ಶಂಕೆಯನ್ನು ಬಡವರಿಂದಲೇ ಆರಂಭಿಸುವೆವು.

ಕಳೆದ ಸುಗ್ಗಿಯಲ್ಲಿ ಸಿರವಾರದ ನಮ್ಮ ಮನೆಯೊಳಗೆ ಚಿನ್ನದ ಉಂಗುರವೊಂದು ಕಾಣೆಯಾಯಿತು. ಎಲ್ಲರ ದೃಷ್ಟಿಯೂ ಪಾತ್ರೆ ತಿಕ್ಕುವ ಮುದುಕಿಯ ಮೇಲೆ ಬಿದ್ದಿತು, ನನ್ನದೂ ಬಿದ್ದಿತು. ರಾತ್ರಿ ಪೊಯ್ರೊನ ಕಥೆಯನ್ನು ನೋಡುತ್ತಿರುವಾಗ ನಾಚಿಕೆಯಾಗಿ, ಮರುದಿನ ಮನೆಯವರನ್ನೆಲ್ಲ ಕೂಡಿಸಿ, ಉಂಗುರವನ್ನು ಕಡೆಗೆ ಕಂಡದ್ದು ಯಾವಾಗ, ಆ ಬಳಿಕ ಯಾರು ಯಾವ ಕೆಲಸ ಮಾಡಿದರು ಎಂದು ಕ್ರಮವಾಗಿ ಕೇಳಿದೆನು. ನನ್ನ ಸೊಸೆಯು ರೊಟ್ಟಿ ಬಡಿಯಲು ಹಿಟ್ಟು ತೆಗೆದಿದ್ದಳು. ಉಂಗುರವು ಜೋಳದ ಹಿಟ್ಟಿನ ಡಬ್ಬಿಯ ತಳದಲ್ಲಿ ದೊರೆಯಿತು.

ಮುದುಕಿಗೆ ನಾವು ಒಂದು ಮಾತನ್ನೂ ಆಡಿರಲಿಲ್ಲ. ಆದರೂ ಸುದ್ದಿ ಕೇಳಿದೊಡನೆ ಅವಳು, "ಸಿಕ್ತಲ್ಲ ಯಪ್ಪಾ, ನನ್ನ ಎದಿ ಹಗುರಾತು" ಎಂದು ಸೆರಗಿನಿಂದ ಕಣ್ಣೊರಸಿಕೊಂಡಳು.

ವಾಚಕರೇ, ಸಂಶಯವನ್ನು ಬಾಯಿ ಮುಚ್ಚಿಟ್ಟರೂ ಕಣ್ಣು ಹೇಳಿಬಿಡುವುದು. ಕಳೆದ ಒಡವೆಯನ್ನು ಹುಡುಕುವ ಮೊದಲು ನಮ್ಮ ನೋಟವನ್ನು ತಿದ್ದಿಕೊಳ್ಳುವುದು ಲೇಸು.